ಹೊಸ ಆಯಿಲು, ಹೊಸ ಗ್ರೀಸು: 11 ಗಾಡಿಗೂ ಒಟ್ಟಿಗೆ ಹಾಕಬಹುದಾ?

ಬದಿಯಡ್ಕ ಶೆಡ್ಡು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಶೆಡ್ಡು ಉಂಟು. ಒಟ್ಟು 11 ಗಾಡಿ. ನಾಲ್ಕು ಶಾಲಾ ಬಸ್ಸು, ಮೂರು ಟಿಪ್ಪರ್, ಎರಡು ಟೆಂಪೋ ಟ್ರಾವೆಲರ್, ಎರಡು ಪಿಕಪ್.

ಕಳೆದ ವಾರ ಒಬ್ಬರು ಸೇಲ್ಸ್‌ನವರು ಬಂದಿದ್ದರು. ಹೊಸ ಇಂಜಿನ್ ಆಯಿಲ್, ಹೊಸ ಗ್ರೀಸ್, ಜೊತೆಗೆ ಡೀಸೆಲ್‌ಗೆ ಹಾಕುವ ಒಂದು ಅಡಿಟಿವ್. ನಾವು ಈಗ 10,000 ಕಿ.ಮೀ.ಗೆ ಆಯಿಲ್ ಬದಲಾಯಿಸುತ್ತೇವೆ. ಇದನ್ನು ಹಾಕಿದರೆ 20,000 ಓಡಿಸಬಹುದಂತೆ. ಮೈಲೇಜೂ ಜಾಸ್ತಿ ಆಗುತ್ತದಂತೆ. 210 ಲೀಟರಿನ ಬ್ಯಾರೆಲ್ ತಗೊಂಡರೆ ಒಳ್ಳೆ ಡಿಸ್ಕೌಂಟ್ ಉಂಟು, ಆದರೆ ಈ ತಿಂಗಳೇ ತಗೊಳ್ಳಬೇಕು.

ನನಗೆ ಹೆದರಿಕೆ. ಎರಡು ವರ್ಷದ ಹಿಂದೆ ಬೇರೊಂದು ಗ್ರೀಸ್ ತಗೊಂಡು, ಮೇ ಕೊನೆಯ ಪತ್ತನಾಜೆ ಕಳೆದ ಕೂಡಲೇ ಮಳೆಗೆ ಮೊದಲು ಅಂತ ಎಲ್ಲಾ ಗಾಡಿಯ ಚಕ್ರಕ್ಕೂ ತುಂಬಿಸಿದೆವು. ಒಂದೂವರೆ ತಿಂಗಳಲ್ಲಿ ಗ್ರೀಸ್ ನೀರಿನ ಹಾಗೆ ಆಗಿ ಹೊರಗೆ ಬಂತು. ಒಂದು ಬಸ್ಸಿಗೆ ಚೆರ್ಕಳದ ಏರಿನಲ್ಲಿ ಚಕ್ರದಿಂದ ಹೊಗೆ. ಒಳಗೆ ಮಕ್ಕಳಿದ್ದರು. ಡ್ರೈವರ್ ಬೇಗ ಗಮನಿಸಿ ಬದಿಗೆ ನಿಲ್ಲಿಸಿದರು, ಯಾರಿಗೂ ಏನೂ ಆಗಲಿಲ್ಲ. ಆ ದಿನ ನನ್ನ ಕೈ ನಡುಗಿದ್ದು ಈಗಲೂ ನೆನಪಿದೆ. ಆಮೇಲೆ ಎಲ್ಲಾ ಗಾಡಿಯ ಚಕ್ರದ ನಡುವಿನ ಹಬ್ ಬಿಚ್ಚಬೇಕಾಯಿತು.

ಈ ಸಲ ಏನು ಮಾಡಲಿ? ಬೇಡ ಅನ್ನಲಾ, ಒಂದಕ್ಕೆ ಹಾಕಿ ನೋಡಲಾ, ಎಲ್ಲದಕ್ಕೂ ಹಾಕಲಾ? ಅನುಭವ ಇದ್ದವರು ಹೇಳಿ.

ಟಿಪ್ಪರ್ ಉಪ್ಪಳ

ಒಂದಕ್ಕೆ ಹಾಕಿ ನೋಡಿ. ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು.

ನಟ್ಟು ಬೋಲ್ಟು

ಆ ಅಗುಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದದ್ದು. ಇವರ 11 ಗಾಡಿ ಒಂದೇ ಪಾತ್ರೆಯಾ? ಟಿಪ್ಪರ್ ಮುರಕಲ್ಲಿನ ಕೋರೆಯ ಕೆಂಪು ಧೂಳು ತಿನ್ನುತ್ತದೆ. ಶಾಲಾ ಬಸ್ಸು ದಿನಕ್ಕೆ ನಾಲ್ಕು ಗಂಟೆ ಓಡಿ ನಿಲ್ಲುತ್ತದೆ. ಪಿಕಪ್ ಮೀನು ಹೇರಿಕೊಂಡು ಉಪ್ಪುನೀರಿನಲ್ಲಿ ಇರುತ್ತದೆ. ಒಂದರಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ಸರಿ ಆಗಬೇಕೆಂದಿಲ್ಲ.

ಸ್ಟೇರಿಂಗ್ 66

ನಾನು ಇಂಥದ್ದೇ ಒಂದು ಆಯಿಲ್ ಮೂರು ಗಾಡಿಗೂ ಒಟ್ಟಿಗೇ ಹಾಕಿದ್ದೇನೆ. ಒಂದು ವರ್ಷ ಆಯಿತು. ಏನೂ ತೊಂದರೆ ಇಲ್ಲ. ಇಷ್ಟು ಯೋಚಿಸುವ ವಿಷಯ ಅಲ್ಲ ಇದು.

ಕುಂಬಳೆ ಗ್ಯಾರೇಜು

@ಸ್ಟೇರಿಂಗ್ 66, ತೊಂದರೆ ಇಲ್ಲ ಅಂತ ಹೇಗೆ ಗೊತ್ತಾಯಿತು? ಇಂಜಿನ್ ಒಳಗಿನ ಸವೆತ ಒಂದು ವರ್ಷದಲ್ಲಿ ಹೊರಗೆ ಕಾಣುವುದಿಲ್ಲ. ಬೇರಿಂಗ್ ಸದ್ದು ಬರುವಾಗ ಕೆಲಸ ಮುಗಿದಿರುತ್ತದೆ.

@ಬದಿಯಡ್ಕ ಶೆಡ್ಡು, ಮೊದಲು ಆ ಗ್ರೀಸಿನ ವಿಷಯ. ನಾನು 22 ವರ್ಷದಿಂದ ಹಬ್ ಬಿಚ್ಚುತ್ತಿದ್ದೇನೆ. ನಿಮ್ಮ ಹಳೇ ಗ್ರೀಸನ್ನು ಪೂರ್ತಿ ತೊಳೆದು ಹೊಸದು ಹಾಕಿದ್ದಾ, ಅಥವಾ ಮೇಲಿಂದ ಮೇಲೆ ತುಂಬಿಸಿದ್ದಾ?

ಬದಿಯಡ್ಕ ಶೆಡ್ಡು

ಮೇಲಿಂದಲೇ ತುಂಬಿಸಿದ್ದು. ಶಾಲೆ ಶುರುವಾಗುವ ಗಡಿಬಿಡಿ ಇತ್ತು.

ಕುಂಬಳೆ ಗ್ಯಾರೇಜು

ಹಾಗಾದರೆ ಆ ಗ್ರೀಸನ್ನು ಬೈಯುವುದು ಬೇಡ. ಗ್ರೀಸ್ ಅಂದರೆ ಆಯಿಲನ್ನು ಹಿಡಿದಿಟ್ಟುಕೊಳ್ಳುವ ಒಂದು ಸ್ಪಂಜು ಇದ್ದ ಹಾಗೆ. ಆ ಸ್ಪಂಜು ಕೆಲವದರಲ್ಲಿ ಲಿಥಿಯಂ ಸಾಬೂನು, ಕೆಲವದರಲ್ಲಿ ಜೇಡಿಮಣ್ಣಿನ ಜಾತಿಯದ್ದು, ಕೆಲವದರಲ್ಲಿ ಪಾಲಿಯೂರಿಯಾ. ಎರಡು ಜಾತಿ ಬೆರೆತರೆ ಎಷ್ಟೋ ಸಲ ಸ್ಪಂಜು ಒಡೆದು ಆಯಿಲ್ ಹೊರಗೆ ಬರುತ್ತದೆ. ಬೇರೆ ಬೇರೆ ಇದ್ದಾಗ ಎರಡೂ ಒಳ್ಳೆಯದೇ. ಕೂಡಿದಾಗ ಕೆಟ್ಟದು. ಹರಿದ ಗ್ರೀಸ್ ಬ್ರೇಕ್ ಲೈನಿಂಗಿಗೆ (ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಬಿದ್ದರೆ ಹೊಗೆ ಬರುತ್ತದೆ, ಬ್ರೇಕೂ ಹಿಡಿಯುವುದಿಲ್ಲ.

ಬಣ್ಣ ನೋಡಿ ಒಂದೇ ಜಾತಿ ಅಂತ ತಿಳಿಯಬೇಡಿ. ಬಣ್ಣ ಅಂದರೆ ಬರೀ ಡೈ.

ಗಡಿ ಕನ್ನಡತಿ

ಇಂಜಿನ್ ತಂಪು ಮಾಡುವ ಕೂಲೆಂಟ್‌ದೂ ಅದೇ ಕಥೆ. ನಮ್ಮಲ್ಲಿ ಹಸಿರು ಇದ್ದದ್ದಕ್ಕೆ ಕೆಂಪು ಸೇರಿಸಿ ರೇಡಿಯೇಟರ್ ಒಳಗೆ ಜೆಲ್ಲಿ ಆಗಿತ್ತು. ಶಾಲೆಯ ಬಸ್ಸಿನ ಲೆಕ್ಕ ನೋಡುವವಳು ನಾನು. ರಿಪೇರಿ ಬಿಲ್ ಬಂದಾಗಲೇ ನನಗೆ ವಿಷಯ ಗೊತ್ತಾದದ್ದು.

ನಟ್ಟು ಬೋಲ್ಟು

ಕೂಲೆಂಟಿನಲ್ಲೂ ಬಣ್ಣ ನಂಬುವ ಹಾಗಿಲ್ಲ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ. ಕ್ಯಾನಿನ ಹಿಂದೆ ಯಾವ ಜಾತಿ ಅಂತ ಬರೆದಿರುತ್ತದೆ, ಅದನ್ನು ಓದಬೇಕು.

ಲ್ಯಾಬ್ ಮೇಷ್ಟ್ರು

ಬದಿಯಡ್ಕದವರೇ, ಆಯಿಲ್ ಡಬ್ಬಿಯ ಮೇಲೆ ಏನು ಬರೆದಿದೆ? 15ಡಬ್ಲ್ಯೂ40 ಅನ್ನುವ ದಪ್ಪದ ಅಂಕಿ ಮಾತ್ರ ಅಲ್ಲ, ಕೆಳಗೆ ಎಪಿಐ ಅಂತ ಆಯಿಲಿನ ದರ್ಜೆ ಇರುತ್ತದಲ್ಲ, ಅದು. ನಿಮ್ಮ ಗಾಡಿಗಳಲ್ಲಿ ಬಿಎಸ್6, ಅಂದರೆ ಹೊಸ ಹೊಗೆ ನಿಯಮದ್ದು, ಎಷ್ಟು?

ಬದಿಯಡ್ಕ ಶೆಡ್ಡು

ಫೋಟೋ ತೆಗೆದಿದ್ದೆ, ಈಗ ನೋಡಿದೆ. ಸಿಐ4 ಪ್ಲಸ್ ಅಂತ ಉಂಟು. ಬಿಎಸ್6 ಅಂದರೆ ಎರಡು ಟಿಪ್ಪರ್, ಒಂದು ಬಸ್ಸು. ಮೂರರಲ್ಲೂ ಸೈಲೆನ್ಸರ್ ಹತ್ತಿರ ಡಿಪಿಎಫ್ ಉಂಟು.

ಲ್ಯಾಬ್ ಮೇಷ್ಟ್ರು

ಹಾಗಾದರೆ ಆ ಮೂರು ಗಾಡಿಗೆ ಅದನ್ನು ಪರೀಕ್ಷೆಗೂ ಹಾಕಬೇಡಿ.

ಕಾರಣ ಹೇಳುತ್ತೇನೆ. ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಜರಡಿ. ಮಸಿಯನ್ನು ಅದು ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆದರೆ ಆಯಿಲಿನಲ್ಲಿರುವ ಲೋಹದ ಅಂಶ ಸುಟ್ಟರೆ ಬೂದಿ ಆಗುತ್ತದೆ. ಬೂದಿ ಮತ್ತೆ ಸುಡುವುದಿಲ್ಲ, ಜರಡಿಯಲ್ಲೇ ಕೂರುತ್ತದೆ. ಅದಕ್ಕೇ ಸಿಕೆ4 ಜಾತಿಯ ಆಯಿಲಿನಲ್ಲಿ ಸಲ್ಫೇಟೆಡ್ ಬೂದಿ ತೂಕದಲ್ಲಿ ನೂರಕ್ಕೆ 1ಕ್ಕಿಂತ ಮೀರಬಾರದು ಅಂತ ನಿಯಮ. ಸಿಐ4 ಪ್ಲಸ್‌ಗೆ ಅಂಥ ಮಿತಿ ಇಲ್ಲ. ಹಳೇ ಬಿಎಸ್3, ಬಿಎಸ್4 ಇಂಜಿನ್ನಿಗೆ ಅದು ಒಳ್ಳೆ ಆಯಿಲೇ. ಡಿಪಿಎಫ್ ಇರುವ ಗಾಡಿಗೆ ಅಲ್ಲ. ಗಾಡಿಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಕೊನೆಯ ಮಾತು. ಇಲ್ಲದಿದ್ದರೆ ವಾರಂಟಿಯೂ ಹೋಗಬಹುದು.

ಬದಿಯಡ್ಕ ಶೆಡ್ಡು

ಅಯ್ಯೋ. ಸೇಲ್ಸ್‌ನವರು 11ಕ್ಕೂ ನಡೆಯುತ್ತದೆ ಅಂದಿದ್ದರು.

ಟಿಪ್ಪರ್ ಉಪ್ಪಳ

ಅವರಿಗೆ ಗೊತ್ತಿರಲಿಕ್ಕಿಲ್ಲ. ಬರಹದಲ್ಲಿ ಕೊಡಿ ಅಂತ ಕೇಳಿ. ಗಾಡಿ ನಂಬರ್ ಹಾಕಿ, "ಈ ಗಾಡಿಗೆ ಈ ಆಯಿಲ್ ಆಗುತ್ತದೆ, 20,000 ಓಡಿಸಬಹುದು" ಅಂತ ಕಂಪನಿ ಲೆಟರ್‌ಹೆಡ್‌ನಲ್ಲಿ ಬರಲಿ. ಬಂದರೆ ಮುಂದಿನ ಮಾತು.

ಸ್ಟೇರಿಂಗ್ 66

ಅವರು ಒಂದು ಮೆಷಿನ್ ತಂದು ತೋರಿಸಲಿಲ್ಲವಾ? ಎರಡು ಉಕ್ಕು ಉಜ್ಜುವುದು, ಮೇಲೆ ಭಾರ ಹಾಕುವುದು. ನಮ್ಮ ಆಯಿಲಿನಲ್ಲಿ ನಿಂತು ಹೋಯಿತು, ಅವರದ್ದರಲ್ಲಿ ತಿರುಗುತ್ತಲೇ ಇತ್ತು. ಕಣ್ಣಾರೆ ನೋಡಿದ್ದೇನೆ.

ಲ್ಯಾಬ್ ಮೇಷ್ಟ್ರು

ಆ ಮೆಷಿನ್ ನಿಮ್ಮ ಇಂಜಿನ್ ಅಲ್ಲ. ಅಲ್ಲಿ ಉಕ್ಕಿಗೆ ಉಕ್ಕು ಒತ್ತುತ್ತದೆ. ಇಂಜಿನ್ನಿನ ಮೇನ್ ಬೇರಿಂಗಿನಲ್ಲಿ ಶಾಫ್ಟು ಆಯಿಲಿನ ಪದರದ ಮೇಲೆ ತೇಲುತ್ತಿರುತ್ತದೆ, ಲೋಹ ಲೋಹಕ್ಕೆ ತಾಗುವುದೇ ಕಡಿಮೆ. ಕ್ಲೋರಿನ್ ಸೇರಿಸಿದ ಅಡಿಟಿವ್ ಆ ಮೆಷಿನ್ನಿನಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ಇಂಜಿನ್ ಒಳಗಿನ ಬಿಸಿ, ನೀರಿನ ಅಂಶ ಸೇರಿದರೆ ಅದೇ ಕ್ಲೋರಿನ್ ಲೋಹವನ್ನು ತಿನ್ನುವ ಆಮ್ಲ ಆಗಬಹುದು.

ಅಡಿಕೆ ತೋಟ

ನನಗೆ ಗಾಡಿ ಒಂದು ಜೀಪು ಮಾತ್ರ. ಆದರೆ ಓದುತ್ತಾ ನಮ್ಮ ತೋಟದ ಕೆಲಸ ನೆನಪಾಯಿತು. ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ ಬಿಡುವುದು ಅಜ್ಜನ ಕಾಲದಿಂದ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹೊಸ ಮದ್ದು ಬಂದಾಗ ಅಪ್ಪ ಇಡೀ ತೋಟಕ್ಕೆ ಬಿಡುತ್ತಿರಲಿಲ್ಲ. ತೋಡಿನ ಬದಿಯ ನಾಲ್ಕು ಸಾಲು ಹೊಸದು, ಅದರ ಪಕ್ಕದ ನಾಲ್ಕು ಸಾಲು ಹಳೇದು. ಎರಡಕ್ಕೂ ಒಂದೇ ಮಳೆ, ಒಂದೇ ಮಣ್ಣು. ಆಟಿ (ಜುಲೈ-ಆಗಸ್ಟ್) ಮುಗಿದ ಮೇಲೆ ಉದುರಿದ ಕಾಯಿ ಎಣಿಸುವುದು. ಎಣಿಸುವ ಕೆಲಸ ಮಕ್ಕಳಾದ ನಮ್ಮದು.

ನಟ್ಟು ಬೋಲ್ಟು

ಇದೇ ನಾನು ಹೇಳಬೇಕೆಂದಿದ್ದದ್ದು. ಹೊಸದು ಹಾಕಿದ ಗಾಡಿ ಮಾತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಹಳೇದೇ ಹಾಕಿದ ಜೋಡಿ ಗಾಡಿ ಬೇಕು. ಅದೇ ಮಾಡೆಲ್, ಅದೇ ರೂಟು, ಹತ್ತಿರ ಹತ್ತಿರ ಅಷ್ಟೇ ಓಡಿದ್ದು.

ಟಿಪ್ಪರ್ ಉಪ್ಪಳ

ಅಡಿಕೆಯವರೇ, ಈ ವರ್ಷ ಮೈಲುತುತ್ತು ರೇಟ್ ಎಷ್ಟಾಗಿದೆ? ನಮ್ಮ ಭಾವ ಕೇಳುತ್ತಿದ್ದರು.

ಗಡಿ ಕನ್ನಡತಿ

ಅದು ಬೇರೆ ಚರ್ಚೆಯಲ್ಲಿ ಮಾತಾಡಿ ಪ್ಲೀಸ್. ಇಲ್ಲಿ ಮಕ್ಕಳ ಬಸ್ಸಿನ ವಿಷಯ ನಡೆಯುತ್ತಿದೆ.

ನಿವೃತ್ತ ಡಿಪೋ

ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಡಿಕೆ ತೋಟದವರ ಅಪ್ಪನಿಗೆ ಕೈ ಮುಗಿಯುತ್ತೇನೆ. ಅವರು ಮಾಡಿದ್ದು ಸರಿಯಾದ ಪರೀಕ್ಷೆ.

ಮೈಲೇಜಿನ ವಿಷಯ ಹೇಳುತ್ತೇನೆ. ಲಾರಿ ಬಸ್ಸುಗಳ ಡೀಸೆಲ್ ಖರ್ಚು ಹೋಲಿಸಲು ಎಸ್‌ಎಇ ಜೆ1321 ಅಂತ ಒಂದು ಪದ್ಧತಿ ಉಂಟು. ಅದರಲ್ಲಿ ಎರಡು ಗಾಡಿ ಇರುತ್ತವೆ. ಒಂದರಲ್ಲಿ ಕೊನೆ ತನಕ ಏನನ್ನೂ ಬದಲಾಯಿಸುವುದಿಲ್ಲ. ಮೊದಲು ಎರಡನ್ನೂ ಹಾಗೇ ಓಡಿಸಿ ಡೀಸೆಲ್ ಅಳೆಯುತ್ತಾರೆ. ಆಮೇಲೆ ಒಂದಕ್ಕೆ ಮಾತ್ರ ಹೊಸದು ಹಾಕಿ ಮತ್ತೆ ಓಡಿಸುತ್ತಾರೆ. ಎರಡು ಗಾಡಿಯ ಡೀಸೆಲಿನ ಅನುಪಾತ ಎಷ್ಟು ಬದಲಾಯಿತು ಅಂತ ನೋಡುತ್ತಾರೆ. ಬಿಸಿಲು, ಗಾಳಿ, ರಸ್ತೆ ಎರಡಕ್ಕೂ ಒಂದೇ ಇರುವುದರಿಂದ ಅದರ ಪ್ರಭಾವ ಕಳೆದು ಹೋಗುತ್ತದೆ.

ನಾವು ಶೆಡ್ಡಿನಲ್ಲಿ ಅಷ್ಟು ಕಟ್ಟುನಿಟ್ಟಾಗಿ ಮಾಡಲಾಗದು. ಆದರೆ ದಾರಿ ಅದೇ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ಅದೇ ಪಂಪು, ಚಕ್ರದ ಗಾಳಿ ವಾರ ವಾರ ಸರಿ ಮಾಡಿ. ಒಂದೆರಡು ಸಲ ತುಂಬಿಸಿ ಲೆಕ್ಕ ಹಾಕಬೇಡಿ, ಹತ್ತು ಸಲ ಆದರೂ ಆಗಲಿ. ಹೆದ್ದಾರಿಯಲ್ಲಿ ಒಂದು ದಿನ ಬ್ಲಾಕ್ ಆದರೆ ಆ ದಿನದ ಮೈಲೇಜ್ ಬಿದ್ದೇ ಬೀಳುತ್ತದೆ. ಅದಕ್ಕೆ ಅಡಿಟಿವ್ ಕಾರಣ ಅಲ್ಲ.

ಸ್ಟೇರಿಂಗ್ 66

ಡ್ರೈವರಿಗೆ ಕೇಳಿದರೆ ಸಾಲದಾ? ನಮ್ಮ ಡ್ರೈವರ್ "ಈಗ ಸ್ಮೂತ್ ಉಂಟು" ಅಂದರು.

ನಿವೃತ್ತ ಡಿಪೋ

ಹೊಸದು ಹಾಕಿದ್ದು ಅವರಿಗೆ ಗೊತ್ತಿತ್ತಾ?

ಸ್ಟೇರಿಂಗ್ 66

ಗೊತ್ತಿತ್ತು.

ನಿವೃತ್ತ ಡಿಪೋ

ಅಲ್ಲೇ ಇರುವುದು ವಿಷಯ. ಗೊತ್ತಿದ್ದರೆ ಮನಸ್ಸು ಸ್ಮೂತ್ ಅನ್ನುತ್ತದೆ, ಕಾಲೂ ಸ್ವಲ್ಪ ಹಗುರ ಒತ್ತುತ್ತದೆ. ಯಾವ ಗಾಡಿಗೆ ಯಾವುದು ಅಂತ ಮೆಕ್ಯಾನಿಕ್ ಒಬ್ಬರಿಗೆ ಮಾತ್ರ ಗೊತ್ತಿರಲಿ.

ಗಡಿ ಕನ್ನಡತಿ

ಇದನ್ನು ನಾನು ಒಪ್ಪುವುದಿಲ್ಲ. ಡ್ರೈವರಿಗೆ ಹೇಳದೆ ಮಕ್ಕಳ ಬಸ್ಸಿಗೆ ಹೊಸ ಬ್ರೇಕ್ ಲೈನಿಂಗ್ ಹಾಕಿದರೆ? ತಪ್ಪು ಅಲ್ವಾ?

ನಿವೃತ್ತ ಡಿಪೋ

ನೀವು ಹೇಳಿದ್ದು ಸರಿ. ನಾನು ಬಿಡಿಸಿ ಹೇಳಬೇಕಿತ್ತು. ಆಯಿಲ್, ಅಡಿಟಿವ್ ಆದರೆ ಹೇಳಬೇಕೆಂದಿಲ್ಲ. ಬ್ರೇಕು, ಟಯರು, ಸ್ಟೇರಿಂಗಿಗೆ ಸೇರಿದ ಯಾವುದೇ ಆದರೂ ಡ್ರೈವರಿಗೆ ಮೊದಲೇ ಹೇಳಬೇಕು. ಮಕ್ಕಳ ಬಸ್ಸಿನಲ್ಲಿ ಅಂಥದ್ದರ ಪರೀಕ್ಷೆಯೇ ಬೇಡ. ಮೊದಲು ಖಾಲಿ ಗಾಡಿ, ಆಮೇಲೆ ಲೋಡು ಗಾಡಿ. ಬಸ್ಸು ಕೊನೆಗೆ.

ಕುಂಬಳೆ ಗ್ಯಾರೇಜು

ಹಬ್ ಗ್ರೀಸನ್ನೂ ಬ್ರೇಕಿನ ಸಾಲಿಗೇ ಸೇರಿಸಿ. ಬದಿಯಡ್ಕದವರ ಬಸ್ಸಿಗೆ ಆದದ್ದು ನೋಡಿದಿರಲ್ಲ.

ಇನ್ನೊಂದು ಮಾತು. ಇಂಥ ಸೇಲ್ಸ್‌ನವರು ಕೆಲವರು ಬ್ರೇಕ್ ಆಯಿಲೂ ತರುತ್ತಾರೆ. ಪಿಕಪ್ಪಿಗೆ, ಟ್ರಾವೆಲರಿಗೆ ಮಾತ್ರ ಅದರ ಕೆಲಸ, ದೊಡ್ಡ ಗಾಡಿಗೆ ಗಾಳಿ ಬ್ರೇಕು. ಡಾಟ್3 ಅನ್ನುವ ಜಾತಿಯ ಬ್ರೇಕ್ ಆಯಿಲಿಗೆ ಕುದಿಯುವ ಮಟ್ಟ ಕನಿಷ್ಠ 205 ಡಿಗ್ರಿ, ನೀರಿನಂಶ ಹೀರಿದ ಮೇಲೆ 140. ಡಾಟ್4ಕ್ಕೆ 230, ಆಮೇಲೆ 155. ನಮ್ಮ ಮಳೆಗಾಲದ ತೇವಕ್ಕೆ ಅದು ನೀರು ಹೀರುತ್ತಲೇ ಇರುತ್ತದೆ. ಪಾಣತ್ತೂರಿನಿಂದ ಭಾಗಮಂಡಲದ ಘಾಟಿಗೆ ಹೋಗಿ ಇಳಿಯುವಾಗ ಬ್ರೇಕ್ ಆಯಿಲ್ ಕುದಿದರೆ ಪೆಡಲು ಸೀದಾ ಕೆಳಗೆ ಹೋಗುತ್ತದೆ. ಡಾಟ್5 ಅಂತ ಸಿಲಿಕೋನ್ ಜಾತಿ ಉಂಟು, ಅದನ್ನು ಇವಕ್ಕೆ ಬೆರೆಸಲೇಬಾರದು.

ಲ್ಯಾಬ್ ಮೇಷ್ಟ್ರು

20,000 ಓಡುತ್ತದಾ ಅಂತ ತಿಳಿಯಲು ಒಂದೇ ಮಾರ್ಗ, ಆಯಿಲಿನ ಸ್ಯಾಂಪಲ್ ಲ್ಯಾಬಿಗೆ ಕಳಿಸುವುದು. ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಒಳ್ಳೆ ಆಯಿಲೂ ಬೇಗ ಕಪ್ಪಾಗುತ್ತದೆ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ.

ಇಂಜಿನ್ ಬಿಸಿ ಇರುವಾಗ ತೆಗೆಯಿರಿ. ಡ್ರೈನ್ ಬಿಚ್ಚಿದ ಕೂಡಲೇ ಬರುವುದನ್ನು ಬಿಟ್ಟು, ನಡುವಿನ ಧಾರೆ ಹಿಡಿಯಿರಿ. ಬಾಟಲಿ ಒಣಗಿರಬೇಕು. ಟಾಪ್ ಅಪ್ ಮಾಡುವ ಮೊದಲು ತೆಗೆಯಬೇಕು, ಎಷ್ಟು ಟಾಪ್ ಅಪ್ ಆಯಿತು ಅಂತಲೂ ಬರೆಯಬೇಕು. ಈಗಿನ ಹಳೇ ಆಯಿಲಿನದ್ದೂ ಒಂದು ಸ್ಯಾಂಪಲ್ ಬೇಕು. ಅದಿಲ್ಲದಿದ್ದರೆ ಯಾವುದಕ್ಕೆ ಹೋಲಿಸುವುದು?

ವರದಿಯಲ್ಲಿ ಕಬ್ಬಿಣ ಜಾಸ್ತಿ ಆದರೆ ಸವೆತ. ಸಿಲಿಕಾನ್ ಜಾಸ್ತಿ ಆದರೆ ಧೂಳು ಒಳಗೆ ಹೋಗಿದೆ, ಏರ್ ಫಿಲ್ಟರ್ ನೋಡಿ. ಸೋಡಿಯಂ, ಪೊಟ್ಯಾಸಿಯಂ ಬಂದರೆ ಕೂಲೆಂಟ್ ಸೋರುತ್ತಿರಬಹುದು. ಆಯಿಲ್ ತೆಳ್ಳಗಾದರೆ ಡೀಸೆಲ್ ಬೆರೆತಿರಬಹುದು. ಟಿಬಿಎನ್ ಅಂತ ಒಂದು ಅಂಕಿ ಇರುತ್ತದೆ, ಆಮ್ಲವನ್ನು ತಡೆಯುವ ಶಕ್ತಿ ಎಷ್ಟು ಉಳಿದಿದೆ ಅಂತ. 20,000ದ ಮಾತು ಅದರ ಮೇಲೆ ನಿಂತಿದೆ.

ಮೊದಲ ಸಲದ ವರದಿ ನೋಡಿ ಹೆದರಬೇಡಿ, ಕುಣಿಯಲೂ ಬೇಡಿ. ಸ್ವಲ್ಪ ಹಳೇ ಆಯಿಲ್ ಒಳಗೇ ಉಳಿದಿರುತ್ತದೆ. ಹೊಸ ಆಯಿಲ್ ಹಳೇ ಕೊಳೆಯನ್ನೂ ಎಬ್ಬಿಸಬಹುದು. ಎರಡನೇ ಸಲದ ಅಂಕಿಯೇ ನಿಜವಾದದ್ದು.

ಟಿಪ್ಪರ್ ಉಪ್ಪಳ

ಮೇಷ್ಟ್ರೇ, ನಮ್ಮಂಥ ಸಣ್ಣವರಿಗೆ ಇಷ್ಟೆಲ್ಲ ಆಗುತ್ತದಾ? ಲ್ಯಾಬಿಗೆ ಕಳಿಸುವ ದುಡ್ಡಿನಲ್ಲಿ ಆಯಿಲೇ ಬದಲಾಯಿಸಬಹುದು. 10,000ಕ್ಕೆ ಬದಲಾಯಿಸಿ ಸುಮ್ನೆ ಇದ್ದರೆ ಏನು ನಷ್ಟ?

ಲ್ಯಾಬ್ ಮೇಷ್ಟ್ರು

ಏನೂ ನಷ್ಟ ಇಲ್ಲ. ಅದೂ ಒಂದು ಒಳ್ಳೆ ತೀರ್ಮಾನವೇ. ಆದರೆ 20,000 ಓಡಿಸಬೇಕು ಅಂದರೆ ಸ್ಯಾಂಪಲ್ ಬೇಕೇ ಬೇಕು. ಎರಡು ಗಾಡಿಯ ಸ್ಯಾಂಪಲಿನ ಖರ್ಚು ಒಂದು ಸವೆದ ಇಂಜಿನ್ ಬಿಚ್ಚಿ ಬೋರಿಂಗ್ ಮಾಡಿಸುವುದರ ಮುಂದೆ ಏನೂ ಅಲ್ಲ.

ನಿವೃತ್ತ ಡಿಪೋ

ನಾನು ಒಂದು ಹಳೇ ಕಥೆ ಹೇಳುತ್ತೇನೆ. ಅಮೆರಿಕದಲ್ಲಿ ಎಡಿಎಕ್ಸ್2 ಅಂತ ಬ್ಯಾಟರಿಗೆ ಹಾಕುವ ಪುಡಿ ಇತ್ತು. ಸತ್ತ ಬ್ಯಾಟರಿ ಬದುಕುತ್ತದೆ ಅಂತ ಮಾರುತ್ತಿದ್ದರು. ಅಲ್ಲಿನ ಸರಕಾರಿ ಮಾಪನ ಸಂಸ್ಥೆಯವರು ಪುಡಿ ಹಾಕಿದ ಬ್ಯಾಟರಿ, ಹಾಕದ ಬ್ಯಾಟರಿ ಪಕ್ಕ ಪಕ್ಕ ಇಟ್ಟು ನೋಡಿದರು. ವ್ಯತ್ಯಾಸ ಕಾಣಲಿಲ್ಲ. ಆದರೆ ಬಳಸಿದವರು ಎಷ್ಟೋ ಜನ "ನನಗೆ ಗುಣ ಕಂಡಿದೆ" ಅಂತ ಪತ್ರ ಬರೆದರು. ಗಲಾಟೆ ಎಷ್ಟಾಯಿತು ಅಂದರೆ 1953ರಲ್ಲಿ ಆ ಸಂಸ್ಥೆಯ ನಿರ್ದೇಶಕ ಆ್ಯಲನ್ ಆ್ಯಸ್ಟಿನ್ ಅವರನ್ನೇ ತೆಗೆಯಲು ಹೊರಟರು. ವಿಜ್ಞಾನಿಗಳೆಲ್ಲ ವಿರೋಧಿಸಿದ ಮೇಲೆ ಅವರನ್ನು ಉಳಿಸಿಕೊಂಡರು.

ಬಳಸಿದವರು ಸುಳ್ಳು ಹೇಳಿದ್ದಲ್ಲ. ಪುಡಿ ಹಾಕುವ ನೆಪದಲ್ಲಿ ಟರ್ಮಿನಲ್ ಉಜ್ಜಿ, ನೀರು ತುಂಬಿಸಿ, ನಿಧಾನ ಚಾರ್ಜ್ ಮಾಡಿದರೆ ಪುಡಿ ಇಲ್ಲದೆಯೂ ಎಷ್ಟೋ ಬ್ಯಾಟರಿ ಸ್ವಲ್ಪ ಚೇತರಿಸುತ್ತದೆ. ಗುಣ ಯಾವುದರಿಂದ ಬಂತು ಅಂತ ಹೇಗೆ ಹೇಳುವುದು? ಅದಕ್ಕೇ ಎರಡು ವಸ್ತು ಒಟ್ಟಿಗೆ ಬದಲಾಯಿಸಬೇಡಿ. ಆಯಿಲ್, ಗ್ರೀಸ್, ಅಡಿಟಿವ್ ಮೂರೂ ಒಂದೇ ದಿನ ಹಾಕಿದರೆ ಯಾವುದು ಏನು ಮಾಡಿತು ಅಂತ ಗೊತ್ತೇ ಆಗುವುದಿಲ್ಲ.

ಸ್ಟೇರಿಂಗ್ 66

ಇದು ನನಗೆ ತಾಗಿತು. ನಾನು ಆಯಿಲಿನ ಜೊತೆಗೇ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎಲ್ಲ ಹೊಸದು ಹಾಕಿದ್ದೆ. ಮೈಲೇಜ್ ಅದರಿಂದಲೇ ಬಂದಿರಬಹುದು. ನಾಳೆಯೇ ಸ್ಯಾಂಪಲ್ ತೆಗೆಸುತ್ತೇನೆ.

ಗಡಿ ಕನ್ನಡತಿ

ಬದಿಯಡ್ಕದವರಿಗೆ ಲೆಕ್ಕದವಳಾಗಿ ಎರಡು ಮಾತು. ಈಗ ಏಪ್ರಿಲ್. ಶಾಲಾ ಬಸ್ಸು ಜೂನ್ ತನಕ ನಿಂತೇ ಇರುತ್ತದೆ. ಅದರಲ್ಲಿ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಎರಡನೆಯದು, ಪುಸ್ತಕ ಒಂದು ಇಡಿ. ನಮ್ಮಲ್ಲಿ ಒಬ್ಬರು ಮಲಯಾಳದಲ್ಲಿ ಬರೆಯುತ್ತಾರೆ, ಒಬ್ಬರು ಕನ್ನಡದಲ್ಲಿ, ಮಾತಾಡುವುದು ತುಳುವಿನಲ್ಲಿ. ಬರೆಯುವುದು ಯಾವ ಭಾಷೆಯಾದರೂ ಆಗಲಿ, ಕಾಲಂ ಒಂದೇ ಇರಲಿ: ದಿನಾಂಕ, ಗಾಡಿ ನಂಬರ್, ಕಿ.ಮೀ., ಎಷ್ಟು ಹಾಕಿದ್ದು, ಬ್ಯಾಚ್ ನಂಬರ್, ಏನಾದರೂ ವಿಶೇಷ.

ನಟ್ಟು ಬೋಲ್ಟು

ಬ್ಯಾಚ್ ನಂಬರ್ ಒಳ್ಳೆ ಮಾತು. ಬ್ಯಾರೆಲಿನಿಂದ ಅರ್ಧ ಲೀಟರ್ ತೆಗೆದು ಸೀಲ್ ಮಾಡಿ ಇಟ್ಟಿರಿ. ನಾಳೆ ಏನಾದರೂ ಆದರೆ ಅದೇ ಸಾಕ್ಷಿ.

ಯಾವಾಗ ನಿಲ್ಲಿಸುವುದು ಅಂತಲೂ ಈಗಲೇ ಬರೆದಿಡಿ. ಆಯಿಲ್ ಪ್ರೆಷರ್ ಬಿದ್ದರೆ, ಮಾಮೂಲಿಗಿಂತ ಜಾಸ್ತಿ ಟಾಪ್ ಅಪ್ ಬೇಕಾದರೆ, ಹಬ್ ಮುಟ್ಟಿದರೆ ಜೋಡಿ ಗಾಡಿಗಿಂತ ಬಿಸಿ ಇದ್ದರೆ, ಆ ದಿನವೇ ಹಳೇದಕ್ಕೆ ವಾಪಸ್. ಆಮೇಲೆ ಯೋಚಿಸೋಣ ಅಂದರೆ ಯಾರೂ ಯೋಚಿಸುವುದಿಲ್ಲ.

ಬದಿಯಡ್ಕ ಶೆಡ್ಡು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಎಲ್ಲ ಎರಡು ಸಲ ಓದಿದೆ. ತೀರ್ಮಾನ ಹೀಗೆ.

ಬ್ಯಾರೆಲ್ ಬೇಡ, ಒಂದು ಗಾಡಿಗೆ ಎರಡು ಸಲಕ್ಕೆ ಆಗುವಷ್ಟು ಬಕೆಟ್ ಮಾತ್ರ. ಡಿಸ್ಕೌಂಟ್ ಹೋದರೆ ಹೋಗಲಿ. ಡಿಪಿಎಫ್ ಇರುವ ಮೂರಕ್ಕೂ ಹಳೇ ಆಯಿಲೇ. ಟ್ರಾವೆಲರ್ ಎರಡೂ ಬಿಎಸ್4, ಒಂದೇ ವರ್ಷದ್ದು, ಎರಡೂ ಮಂಗಳೂರು ರೂಟು. ಒಂದಕ್ಕೆ ಹೊಸ ಆಯಿಲ್, ಒಂದಕ್ಕೆ ಹಳೇದು. ಇಬ್ಬರು ಡ್ರೈವರನ್ನೂ ತಿಂಗಳಿಗೊಮ್ಮೆ ಅದಲು ಬದಲು ಮಾಡುತ್ತೇನೆ. ಸ್ಯಾಂಪಲ್ 5,000ಕ್ಕೆ ಒಂದು, 10,000ಕ್ಕೆ ಒಂದು. ಅದು ಚೆನ್ನಾಗಿ ಬಂದರೆ ಮಾತ್ರ ಮುಂದೆ ಓಡಿಸುವುದು. ಗ್ರೀಸ್ ಒಂದು ಪಿಕಪ್ಪಿಗೆ ಮಾತ್ರ, ಹಬ್ ಪೂರ್ತಿ ತೊಳೆದು. ಮಳೆಗಾಲ ಪೂರ್ತಿ ಕಳೆಯಲಿ, ಸೆಪ್ಟೆಂಬರಿನಲ್ಲಿ ಬಿಚ್ಚಿ ನೋಡುತ್ತೇನೆ. ಅಡಿಟಿವ್ ಈ ವರ್ಷ ಬೇಡವೇ ಬೇಡ. ಶಾಲಾ ಬಸ್ಸು ಯಾವುದನ್ನೂ ಮುಟ್ಟುವುದಿಲ್ಲ.

ಗಡಿ ಕನ್ನಡತಿ

ಕೊನೆಯ ಸಾಲು ಓದಿ ಸಮಾಧಾನ ಆಯಿತು.

ಕುಂಬಳೆ ಗ್ಯಾರೇಜು

ಪಿಕಪ್ಪಿನ ಎಡ ಬಲ ಎರಡೂ ಚಕ್ರಕ್ಕೆ ಒಂದೇ ಗ್ರೀಸ್ ಹಾಕಿ. ಒಂದು ಕಡೆ ಹೊಸದು ಒಂದು ಕಡೆ ಹಳೇದು ಅಂತ ಪರೀಕ್ಷೆ ಮಾಡಬೇಡಿ, ಒಂದು ಕಡೆ ಗ್ರೀಸ್ ಹರಿದರೆ ಬ್ರೇಕ್ ಒಂದು ಬದಿಗೆ ಎಳೆಯುತ್ತದೆ. ಜೋಡಿಗೆ ಇನ್ನೊಂದು ಪಿಕಪ್ ಉಂಟಲ್ಲ. ಅದರ ಹಬ್ಬನ್ನೂ ತೊಳೆದು ಹಳೇ ಗ್ರೀಸೇ ಹೊಸದಾಗಿ ತುಂಬಿಸಿ, ಆಗ ಹೋಲಿಕೆ ಸರಿ ಆಗುತ್ತದೆ.

ಬದಿಯಡ್ಕ ಶೆಡ್ಡು

ಸರಿ, ಎರಡನ್ನೂ ಒಂದೇ ದಿನ ತೊಳೆಸುತ್ತೇನೆ. ಮೇಷ್ಟ್ರೇ, ಸ್ಯಾಂಪಲ್ ಬಾಟಲಿ ಎಲ್ಲಿ ಸಿಗುತ್ತದೆ?

ಲ್ಯಾಬ್ ಮೇಷ್ಟ್ರು

ನನ್ನ ಹತ್ತಿರ ಒಂದು ಡಜನ್ ಹೊಸದು ಉಂಟು. ಶನಿವಾರ ಕುಂಬಳೆಗೆ ಬರುತ್ತೇನೆ, ಗ್ಯಾರೇಜಿನಲ್ಲಿ ಕೊಟ್ಟಿರುತ್ತೇನೆ. ಸ್ಟೇರಿಂಗ್‌ನವರೂ ಅಲ್ಲಿಂದಲೇ ಮೂರು ತಗೊಳ್ಳಿ.